ಬಣ್ಣ ಹೊಡೆದ ಬ್ರಷ್ ತೊಳೆಯೋಕೆ ಟರ್ಪೆಂಟೈನ್ ಬೇಕಾ, ನೀರು ಸಾಕಾ?

ಬಾಡಿಗೆಮನೆ_ದಾವಣಗೆರೆ:
ಕಿಟಕಿ ಗ್ರಿಲ್‌ಗೆ ಎನಾಮೆಲ್ (ಆಯಿಲ್ ಪೇಂಟ್), ಹಾಲ್ ಗೋಡೆಗೆ ಎಮಲ್ಷನ್ (ನೀರು ಬೆರೆಸುವ ಪೇಂಟ್), ಎರಡನ್ನೂ ನಾವೇ ಹೊಡೆಯುತ್ತಿದ್ದೇವೆ. ಗ್ರಿಲ್‌ಗೆ ಇವತ್ತು ಮೊದಲ ಕೋಟ್ ಆಯ್ತು, ನಾಳೆ ಬೆಳಿಗ್ಗೆ ಎರಡನೇದು. ಒಂದು ರಾತ್ರಿಗೋಸ್ಕರ ಬ್ರಷ್ ಪೂರ್ತಿ ತೊಳೆಯಲೇಬೇಕಾ? ಅಂಗಡಿಯವನು ಒಂದು ಬಾಟಲಿ ತಿನ್ನರ್ ಕೊಟ್ಟು, ಎಲ್ಲಕ್ಕೂ ಇದೇ ಸಾಕು ಅಂದಿದ್ದಾನೆ. ಇನ್ನೊಂದು, ಅಟ್ಟದ ಮೇಲೆ ಯಾರೋ ಬಿಟ್ಟುಹೋದ ಎರಡು ಬ್ರಷ್ ಸಿಕ್ಕಿವೆ, ಕಲ್ಲಿನಷ್ಟು ಗಟ್ಟಿ. ಉಪಯೋಗಕ್ಕೆ ಬರುತ್ತವಾ?

ಗೋಡೆ_ಗೆಳೆಯ:
ಎಲ್ಲಕ್ಕೂ ಒಂದೇ ಅನ್ನೋದು ಸುಮ್ನೆ ಮಾತು ಸಾರ್. ಎಮಲ್ಷನ್‌ಗೆ ತಿನ್ನರ್ ಬೇಕೇ ಇಲ್ಲ, ನೀರು ಮತ್ತು ಸೋಪು ಸಾಕು, ಆದರೆ ಒಣಗುವ ಮುಂಚೆ ತೊಳೆಯಬೇಕು. ಎನಾಮೆಲ್‌ಗೆ ಟರ್ಪೆಂಟೈನ್. ಬಾಟಲಿ ಮೇಲೆ ಎನ್‌ಸಿ ತಿನ್ನರ್ ಅಂತಿದ್ದರೆ ಅದು ಲ್ಯಾಕರ್ (ಬೇಗ ಒಣಗುವ ಹೊಳಪಿನ ಲೇಪ) ಕೆಲಸದ್ದು, ವಾಪಸ್ ಕೊಟ್ಟು ಟರ್ಪೆಂಟೈನ್ ತನ್ನಿ. ಯಾವುದೇ ಆದರೂ ಅಡುಗೆಮನೆ ಸಿಂಕ್ ಹತ್ತಿರ, ಒಲೆ ಉರಿಯುವ ಕಡೆ ಬೇಡ.

ಕೋಟ್_ಮೇಲೆ_ಕೋಟ್:
ನಾಳೆಯೇ ಮತ್ತೆ ಹೊಡೆಯೋದಾದರೆ ಪೂರ್ತಿ ತೊಳೆಯೋದು ಬೇಡ. ಎನಾಮೆಲ್ ಬ್ರಷ್ಷನ್ನು ನೀರಲ್ಲಿ ಮುಳುಗಿಸಿಡಿ. ಹೌದು, ನೀರಲ್ಲೇ. ಗಾಳಿ ತಾಗದಿದ್ದರೆ ಆಯಿಲ್ ಪೇಂಟ್ ಒಣಗೋದಿಲ್ಲ, ಪೇಂಟರ್‌ಗಳು ಮಾಡೋದೂ ಹೀಗೇ. ಕೂದಲು ತಳಕ್ಕೆ ತಾಗಿ ಮಡಚಿಕೊಳ್ಳಬಾರದು, ಅದಕ್ಕೆ ಹಿಡಿಯ ತೂತಿಗೆ ತಂತಿ ಹಾಕಿ ಡಬ್ಬಿಯ ಬಾಯಿಗೆ ಅಡ್ಡ ಇಟ್ಟು ನೇತುಹಾಕಿ. ಬೆಳಿಗ್ಗೆ ಜೋರಾಗಿ ಕೊಡವಿ, ಹಳೇ ಪೇಪರ್ ಮೇಲೆ ಒತ್ತಿ ಒತ್ತಿ ನೀರು ತೆಗೆಯಿರಿ, ಇಲ್ಲದಿದ್ದರೆ ಗ್ರಿಲ್ ಮೇಲೆ ಗುಳ್ಳೆ ಬರುತ್ತದೆ. ಎಮಲ್ಷನ್ ಬ್ರಷ್ ಆದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಹಳೇಮನೆ:
ಕೆಲಸ ಮುಗಿದ ಮೇಲೆ ತೊಳೆಯುವಾಗ ಎಲ್ಲರೂ ತುದಿಯನ್ನೇ ಉಜ್ಜುತ್ತಾರೆ, ಬ್ರಷ್ ಹಾಳಾಗೋದು ಮಾತ್ರ ಬುಡದಲ್ಲಿ. ತಗಡಿನ ಪಟ್ಟಿಯೊಳಗೆ ಹೋದ ಪೇಂಟ್ ಅಲ್ಲೇ ಗಟ್ಟಿಯಾದರೆ ಕೂದಲು ಎರಡು ಕಡೆಗೂ ಅಗಲವಾಗಿ ನಿಲ್ಲುತ್ತದೆ, ಆಮೇಲೆ ನೇರ ಗೆರೆ ಬರೋದೇ ಇಲ್ಲ. ಮೊದಲು ಪೇಪರ್‌ಗೆ ಒರೆಸಿ ಪೇಂಟ್ ತೆಗೆಯಿರಿ. ಸ್ಟೀಲ್ ಲೋಟದಲ್ಲಿ ಸ್ವಲ್ಪವೇ ಟರ್ಪೆಂಟೈನ್ ಹಾಕಿ (ಥರ್ಮೋಕೋಲ್ ಲೋಟ ಕರಗಿಹೋಗುತ್ತದೆ), ಗ್ಲೌಸ್ ಹಾಕಿಕೊಂಡು ಬುಡವನ್ನು ಬೆರಳಲ್ಲಿ ಹಿಸುಕಿ, ಕೊಳೆ ಟರ್ಪೆಂಟೈನ್ ತೆಗೆದಿಟ್ಟು ಹೊಸದು ಹಾಕಿ, ಮತ್ತೆ ಹಿಸುಕಿ. ಒಂದೇ ಸಲ ಜಾಸ್ತಿ ಸುರಿಯೋದಕ್ಕಿಂತ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿದರೆ ಚೆನ್ನಾಗಿ ಹೋಗುತ್ತದೆ. ಕೊನೆಗೆ ಸೋಪು ನೀರು. ಕೂದಲು ನೇರ ಮಾಡಿ, ಪೇಪರ್ ಸುತ್ತಿ, ಕೂದಲು ಕೆಳಗೆ ಬರುವಂತೆ ನೇತುಹಾಕಿ.

ಕೊಳೆ ಟರ್ಪೆಂಟೈನ್ ಚರಂಡಿಗೆ ಚೆಲ್ಲಬೇಡಿ. ಮುಚ್ಚಳದ ಗಾಜಿನ ಬಾಟಲಿಯಲ್ಲಿ ಕೆಲವು ದಿನ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಹೊರಗೆ ಬಿಡಿಸಿ ಒಣಗಿಸಿ. ಅಗಸೆ ಎಣ್ಣೆ ಇರುವ ಪೇಂಟ್ ಆದರೆ ಆ ಉಂಡೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಬಾಡಿಗೆಮನೆ_ದಾವಣಗೆರೆ:
ಬ್ರಷ್ ನೀರಲ್ಲಿ ನೇತುಹಾಕಿದ್ದೇನೆ. ಅಟ್ಟದ ಬ್ರಷ್?

ಗೋಡೆ_ಗೆಳೆಯ:
ಎಮಲ್ಷನ್ ಆಗಿದ್ದರೆ ಬಿಸಿ ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಬಾಚಣಿಗೆಯಲ್ಲಿ ಬಾಚಿ ನೋಡಿ. ಎನಾಮೆಲ್ ಆಗಿದ್ದರೆ ಟರ್ಪೆಂಟೈನ್‌ಗೂ ಜಗ್ಗೋದಿಲ್ಲ, ಪೇಂಟ್ ರಿಮೂವರ್ ಬೇಕು, ಅದರ ದುಡ್ಡಿಗೆ ಹೊಸ ಬ್ರಷ್ಷೇ ಬರುತ್ತದೆ ಅಲ್ವಾ?

ಕೋಟ್_ಮೇಲೆ_ಕೋಟ್:
ಕೈಗೆ ಅಂಟಿದ ಎನಾಮೆಲ್‌ಗೆ ಟರ್ಪೆಂಟೈನ್ ಹಚ್ಚಬೇಡಿ, ಚರ್ಮ ಉರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.