ಡಿಟಾದ ‘ಕಾನ್‌ರೆಫ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಳಕೆದಾರರ ಕೈಪಿಡಿ ಬರೆಯುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸದವರು ಬಹಳ ಜನ ಇದ್ದೇವೆ. ಬರೆಯುವುದು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಈಗ ನೀರಾವರಿ ಪಂಪಿನ ಕೈಪಿಡಿಯೊಂದನ್ನು ನೇರ ಕನ್ನಡದಲ್ಲೇ, ಡಿಟಾದಲ್ಲಿ ಬರೆಯುತ್ತಿದ್ದೇವೆ. ತಂಡಕ್ಕೆ ಬರುವ ಹೊಸಬರಿಗಾಗಿ ಡಿಟಾ ಬಗ್ಗೆ ಒಂದು ಚಿಕ್ಕ ಟಿಪ್ಪಣಿಯೂ ಬೇಕಾಗಿದೆ. ಅದಕ್ಕೆ ಕೆಲವು ಪದ ಸಿಗುತ್ತಿಲ್ಲ.

ಡಿಟಾ ಬಳಸದವರಿಗೆ ಎರಡು ಮಾತು. ಇದು ಎಕ್ಸ್‌ಎಂಎಲ್‌ನ, ಅಂದರೆ ಬರಹದ ತುಣುಕುಗಳಿಗೆ ಗುರುತು ಹಾಕಿ ಇಡುವ ಭಾಷೆಯ, ಒಂದು ಬಗೆ. ಐಬಿಎಂನಲ್ಲಿ ಹುಟ್ಟಿ, 2005ರಲ್ಲಿ ಓಯಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಹೆಸರಿನ ಮೊದಲ ಅಕ್ಷರ ಡಾರ್ವಿನ್‌ನದು. ಇದರಲ್ಲಿ ಬರಹವನ್ನು ಟಾಪಿಕ್ ಎಂಬ ಚಿಕ್ಕ ಬಿಡಿ ಭಾಗಗಳಾಗಿ ಬರೆಯುತ್ತೇವೆ. ಇರುವ ಟಾಪಿಕ್ ಬಗೆಯಿಂದ ಹೊಸ ಬಗೆ ಹುಟ್ಟಿಸಬಹುದು, ಹಳೆಯದರ ಗುಣ ಹೊಸದಕ್ಕೂ ಬರುತ್ತದೆ, ಅದಕ್ಕೇ ಆ ಹೆಸರು. ಇದರಲ್ಲಿ ಅಕ್ಷರ ದಪ್ಪ ಮಾಡುವುದು, ಬಣ್ಣ ಹಚ್ಚುವುದು ನಮ್ಮ ಕೆಲಸವಲ್ಲ. ಇದು ಹೆಜ್ಜೆ, ಇದು ಎಚ್ಚರಿಕೆ, ಇದು ಭಾಗದ ಹೆಸರು ಎಂದು ಗುರುತು ಹಾಕುತ್ತಾ ಹೋಗುತ್ತೇವೆ. ಆಮೇಲೆ ಡಿಟಾ ಓಪನ್ ಟೂಲ್‌ಕಿಟ್‌ನಂಥ ಸಾಫ್ಟ್‌ವೇರ್ ಅದೇ ಬರಹದಿಂದ ಪಿಡಿಎಫ್ಫನ್ನೂ ವೆಬ್ ಪುಟವನ್ನೂ ತೆಗೆದುಕೊಡುತ್ತದೆ.

ಇನ್ನು ಕಾನ್‌ರೆಫ್, ಅಂದರೆ ‘ಕಂಟೆಂಟ್ ರೆಫರೆನ್ಸ್’. “ಸ್ಟಾರ್ಟರ್ ಪೆಟ್ಟಿಗೆ ತೆರೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ” ಎನ್ನುವ ಎಚ್ಚರಿಕೆ ಕೈಪಿಡಿಯ ಹತ್ತಾರು ಕಡೆ ಬರಬೇಕು. ಅದನ್ನು ಒಂದೇ ಫೈಲಿನಲ್ಲಿ ಬರೆದು ಐಡಿ ಕೊಡುತ್ತೇವೆ. ಉಳಿದ ಕಡೆ ಬರೀ ಅದರ ವಿಳಾಸ: ಫೈಲಿನ ಹೆಸರು, ಹ್ಯಾಷ್ ಗುರುತು, ಟಾಪಿಕ್ ಐಡಿ, ಓರೆಗೆರೆ, ಆ ಸಾಲಿನ ಐಡಿ. ಪ್ರಕಟಿಸುವಾಗ ಸಾಫ್ಟ್‌ವೇರ್ ಆ ಸಾಲನ್ನು ಎಳೆದು ತಂದು ಕೂರಿಸುತ್ತದೆ. ಮೂಲದಲ್ಲಿ ತಿದ್ದಿದರೆ, ಮುಂದಿನ ಸಲ ಪ್ರಕಟಿಸಿದಾಗ ಎಲ್ಲ ಕಡೆಯೂ ತಿದ್ದಿದ ಸಾಲೇ ಬರುತ್ತದೆ.

ಇದನ್ನು ‘ನಕಲು’ ಅನ್ನುವಂತಿಲ್ಲ. ನಕಲು ಮಾಡಬಾರದು ಅಂತಲೇ ಈ ಏರ್ಪಾಡು ಇರುವುದು. ‘ಮರುಬಳಕೆ’ ಎಲ್ಲರಿಗೂ ಗೊತ್ತಿರುವ ಪದ. ಆದರೆ ಒಮ್ಮೆ ಬಳಸಿ ಮುಗಿದದ್ದನ್ನು ಮತ್ತೆ ಬಳಸುವುದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ‘ಉಲ್ಲೇಖ’ ಅಂದರೆ ಓದುಗರು ಅಲ್ಲಿಗೆ ಹೋಗಿ ನೋಡಬೇಕು ಅನ್ನಿಸುತ್ತದೆ. ಇಲ್ಲಿ ಓದುಗರಿಗೆ ಬೇರೆ ಕಡೆಯಿಂದ ಬಂದದ್ದು ಅಂತ ಗೊತ್ತೂ ಆಗುವುದಿಲ್ಲ. ನನ್ನ ಮನಸ್ಸು ‘ಎರವಲು’ ಕಡೆಗಿದೆ: ಎರವಲು ಸಾಲು, ಎರವಲು ತರು. ಒಡೆತನ ಮೂಲದವರದ್ದೇ, ನಮ್ಮಲ್ಲಿ ಬರೀ ಬಳಕೆ ಎನ್ನುವ ಭಾವ ಅದರಲ್ಲಿದೆ. ತೊಡಕು ಒಂದೇ, ‘ಎರವಲು ಪದ’ ಎನ್ನುವುದು ವ್ಯಾಕರಣದಲ್ಲಿ ಆಗಲೇ ಬೇರೂರಿದೆ. ಗೊಂದಲ ಆಗಬಹುದೇ?

ಇಲ್ಲೇ ವಿಭಕ್ತಿಯ ಮಾತೂ ಬರುತ್ತದೆ, ನನಗೆ ಅದೇ ಮುಖ್ಯ. ಡಿಟಾದಲ್ಲಿ ಸಾಲನ್ನಷ್ಟೇ ಅಲ್ಲ, ಒಂದೇ ಪದವನ್ನೂ ಹೀಗೆ ತರಬಹುದು. ಡಿಟಾದ 1.2ನೇ ಆವೃತ್ತಿಯಿಂದ ಕೀಗಳು, ಅಂದರೆ ಪದದ ಜಾಗದಲ್ಲಿ ಹಾಕುವ ಗುರುತಿನ ಹೆಸರುಗಳು, ಬಂದ ಮೇಲೆ ಇದು ಇನ್ನೂ ಸುಲಭ. ಭಾಗದ ಹೆಸರಿಗೆ ಒಂದು ಕೀ ಕೊಟ್ಟು, ಮಾಡೆಲ್ ಬದಲಾದಾಗ ಹೆಸರನ್ನಷ್ಟೇ ಬದಲಿಸಿದರಾಯಿತು. ಇಂಗ್ಲಿಷಿನಲ್ಲಿ ಇದು ಸಲೀಸು. ಕನ್ನಡದಲ್ಲಿ ಖಾಲಿ ಜಾಗದ ಮುಂದೆ ‘ಗೆ ಎಣ್ಣೆ ಬಿಡಿ’ ಅಂತ ಬರೆದಿಟ್ಟರೆ ಏನಾಗುತ್ತದೆ ನೋಡಿ. ‘ಸರಪಳಿ’ ಬಂದರೆ ‘ಸರಪಳಿಗೆ’, ಸರಿ. ‘ಪಂಪು’ ಬಂದರೆ ‘ಪಂಪಿಗೆ’ ಆಗಬೇಕು, ‘ಪಂಪುಗೆ’ ಆಗುತ್ತದೆ. ‘ಯಂತ್ರ’ ಬಂದರೆ ‘ಯಂತ್ರಕ್ಕೆ’ ಬೇಕು, ‘ಯಂತ್ರಗೆ’ ಅಂತ ಕೂರುತ್ತದೆ. ಇದನ್ನು ತಪ್ಪಿಸಲೆಂದೇ ‘ಸರಪಳಿ ಅನ್ನು ಬಿಚ್ಚಿ’ ಅಂತ ಪ್ರತ್ಯಯವನ್ನು ಬಿಡಿಯಾಗಿ ಬರೆಯುವ ರೂಢಿ ಬೆಳೆಯುತ್ತಿದೆ. ಹಾಗೆ ಬರೆದದ್ದು ಕನ್ನಡವಾಗಿ ಕಿವಿಗೆ ಬೀಳುವುದೇ ಇಲ್ಲ. ‘ಸರಪಳಿ ಎಂಬ ಭಾಗಕ್ಕೆ’ ಅಂದರೆ ವ್ಯಾಕರಣ ಉಳಿಯುತ್ತದೆ, ಆದರೆ ಹೊಲದಲ್ಲಿ ನಿಂತು ಓದುವವರಿಗೆ ಅದು ಜಾಸ್ತಿ ಉದ್ದ. ಹಾಗಾಗಿ ಕನ್ನಡದಲ್ಲಿ ಇಡೀ ವಾಕ್ಯವನ್ನೇ ಎರವಲು ತರಬೇಕು, ಬಿಡಿ ಪದವನ್ನು ತರಬಾರದು ಅಂತ ತಂಡದಲ್ಲಿ ನಿಯಮ ಮಾಡಿಕೊಂಡಿದ್ದೇವೆ. ವಿಭಕ್ತಿಗೊಂದು ಕೀ ಇಡುವುದು ಇನ್ನೊಂದು ದಾರಿ, ಆದರೆ ಪ್ರತಿ ಹೆಸರಿಗೂ ಐದಾರು ಕೀ ನಿಭಾಯಿಸುವುದು ಕಷ್ಟ.

ಇನ್ನೆರಡು ಪದ ಉಳಿದಿವೆ. ‘ಟಾಪಿಕ್’ಗೆ ‘ವಿಷಯ’ ಅಂದರೆ, ಕಂಟೆಂಟಿಗೂ ಅದೇ ಪದ, ಇಮೇಲಿನ ಸಬ್ಜೆಕ್ಟಿಗೂ ಅದೇ. ನಾವು ಸದ್ಯಕ್ಕೆ ‘ಟಾಪಿಕ್’ ಅಂತಲೇ ಬಿಟ್ಟಿದ್ದೇವೆ. ಟಾಪಿಕ್‌ಗಳನ್ನು ಜೋಡಿಸುವ ಫೈಲಾದ ‘ಡಿಟಾ ಮ್ಯಾಪ್’ಗೆ ‘ನಕ್ಷೆ’ ಅನ್ನುವುದಕ್ಕಿಂತ ‘ಪರಿವಿಡಿ’ ನನಗೆ ಹತ್ತಿರ ಅನ್ನಿಸುತ್ತದೆ. ಯಾವ ಟಾಪಿಕ್ ಮೊದಲು, ಯಾವುದರ ಕೆಳಗೆ ಯಾವುದು ಎಂದು ಹೇಳುವುದೇ ಅದರ ಮುಖ್ಯ ಕೆಲಸ ಅಲ್ವಾ? ಆದರೆ ಟಾಪಿಕ್‌ಗಳ ನಡುವಿನ ಸಂಬಂಧದ ಕೋಷ್ಟಕವೂ ಅದರೊಳಗೆ ಇರಬಹುದು. ಅಷ್ಟನ್ನು ‘ಪರಿವಿಡಿ’ ಹೊರುತ್ತದೆಯೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ: ಅಕ್ಕಪಕ್ಕದ ಮನೆಯಿಂದ ವಸ್ತು ತಂದು, ಬಳಸಿ, ಹಿಂದಿರುಗಿಸುವುದಕ್ಕೆ ನಿಮ್ಮಲ್ಲಿ ‘ಎರವಲು’ ಬಿಟ್ಟು ಬೇರೆ ಮಾತಿದೆಯೇ? ‘ಕಡ’ ಕೇಳಿದ್ದೇನೆ. ಅದನ್ನು ದುಡ್ಡಿಗಷ್ಟೇ ಹೇಳುತ್ತೀರೋ, ಸಾಮಾನಿಗೂ ಹೇಳುತ್ತೀರೋ?