ಬೈಕಿಗೆ ಕೀ ನಿಯಂತ್ರಿತ ವೈರಿಂಗ್: ಗುಂಪಿನ ಪ್ರಶ್ನೋತ್ತರ

ಹೊಸ ಸವಾರ: ನಮಸ್ಕಾರ ಸರ್. ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರ್ ಕೂರಿಸಿ ಅದರ ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದೇನೆ. ಫೋನ್ ಸಿಕ್ಕಿಸದಿದ್ದಾಗ ಅದು ಕರೆಂಟ್ ಎಳೆಯುವುದಿಲ್ಲವಾದ್ದರಿಂದ, ಕೀ ಮೂಲಕ ಕೊಡುವ ಅಗತ್ಯ ನಿಜವಾಗಿಯೂ ಇದೆಯೇ?

ಎಲೆಕ್ಟ್ರಿಷಿಯನ್: ಇದೆ. ಫೋನ್ ಇಲ್ಲದಿದ್ದರೂ ಚಾರ್ಜರಿನ ಒಳಗಿನ ಸರ್ಕ್ಯೂಟು ಮತ್ತು ಅದರ ಪುಟ್ಟ ದೀಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 20 ಮಿಲಿಆಂಪಿಯರ್ ಎಂದು ಹಿಡಿದರೂ ದಿನಕ್ಕೆ ಅರ್ಧ ಆಂಪಿಯರ್-ಅವರ್ ಹೋಯಿತು. 5 ಆಂಪಿಯರ್-ಅವರ್ ಬ್ಯಾಟರಿಯ ಬೈಕನ್ನು ಒಂದು ವಾರ ನಿಲ್ಲಿಸಿ ಬಂದರೆ ಸೆಲ್ಫ್ ತಿರುಗುವುದು ಕಷ್ಟ. ನಿಮ್ಮ ಬೈಕಿನಲ್ಲಿ ಕಂಪನಿಯವರೇ ಬಿಟ್ಟಿರುವ ಆಕ್ಸೆಸರಿ ಕಪ್ಲರ್, ಅಂದರೆ ಹೆಚ್ಚುವರಿ ಸಾಧನಗಳಿಗೆಂದು ಕೀ ಮೂಲಕ ಕರೆಂಟ್ ಬರುವ ಕನೆಕ್ಟರ್, ಇದ್ದರೆ, 3 ಆಂಪಿಯರ್ ಫ್ಯೂಸ್ ಸೇರಿಸಿ ಅದರಿಂದ ತೆಗೆದುಕೊಳ್ಳಿ. ಇಲ್ಲದಿದ್ದರೆ ರಿಲೇ ಹಾಕಿಸಿ, ಅಂದರೆ ಒಳಗಿನ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟಾಗ ದೊಡ್ಡ ಕರೆಂಟಿನ ದಾರಿ ತೆರೆಯುವ ಸ್ವಿಚ್.

ಮಂಜಿನ ದಾರಿ: ಸರ್, ತಲಾ 55 ವಾಟಿನ ಎರಡು ಹ್ಯಾಲೊಜನ್ ಫಾಗ್ ಲ್ಯಾಂಪ್ ಹಾಕಿಸಬೇಕೆಂದಿದ್ದೇನೆ. ಹೆಡ್‌ಲೈಟಿನ ವೈರಿಗೆ ಸೇರಿಸಿದರೆ ಸಾಕು ಎನ್ನುತ್ತಾರೆ. ಸರಿಯೇ?

ಎಲೆಕ್ಟ್ರಿಷಿಯನ್: ಸರಿಯಲ್ಲ. 110 ವಾಟ್ ಎಂದರೆ ಎಂಟು ಆಂಪಿಯರಿಗೂ ಮೇಲೆ. ಹೆಡ್‌ಲೈಟಿನ ವೈರು ಮತ್ತು ಹ್ಯಾಂಡಲ್ ಸ್ವಿಚ್ಚಿನೊಳಗಿನ ಸಣ್ಣ ಕಾಂಟ್ಯಾಕ್ಟುಗಳು ಹೆಡ್‌ಲೈಟಿನ ಹೊರೆಗಷ್ಟೇ ಅಳತೆ ಮಾಡಿದಂಥವು. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್‌ನಿಂದ 15 ಆಂಪಿಯರ್ ಫ್ಯೂಸ್ ಮೂಲಕ ನೇರ ವೈರು ಬರಲಿ, ಅದು 1.5 ಚದರ ಮಿಲಿಮೀಟರಿಗಿಂತ ತೆಳುವಾಗಿರಬಾರದು. 87ರಿಂದ ಲ್ಯಾಂಪಿಗೆ ಹೋಗಲಿ. 86ಕ್ಕೆ ಕೀ ಹಾಕಿದಾಗ ಮಾತ್ರ ಜೀವ ಬರುವ ಲೈನಿನಿಂದ, ಉದಾಹರಣೆಗೆ ಟೈಲ್ ಲ್ಯಾಂಪಿನಿಂದ, ತೆಳು ವೈರು ಸಾಕು, ಏಕೆಂದರೆ ರಿಲೇಯ ಕಾಯಿಲ್ ಎಳೆಯುವುದು 0.2 ಆಂಪಿಯರಿನ ಆಸುಪಾಸು. ನಿಮ್ಮ ಫಾಗ್ ಸ್ವಿಚ್ಚೂ ಈ ತೆಳು ವೈರಿನಲ್ಲೇ ಇರಲಿ. 85 ಅರ್ಥ್. ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದೊಳಗೆ ಇರಬೇಕು, ಏಕೆಂದರೆ ಅದು ಕಾಯುವುದು ಲ್ಯಾಂಪನ್ನಲ್ಲ, ವೈರನ್ನು, ಮತ್ತು ಫ್ಯೂಸಿಗೆ ಮೊದಲಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ.

ಇದೆಲ್ಲ ಆದ ಮೇಲೆ ಲ್ಯಾಂಪ್ ಹಚ್ಚಿ, ಎಂಜಿನನ್ನು 4000 ಆರ್‌ಪಿಎಂನಲ್ಲಿ ಇಟ್ಟು ಬ್ಯಾಟರಿಯ ವೋಲ್ಟೇಜ್ ನೋಡಿ. 13.5ಕ್ಕೆ ಮೇಲಿದ್ದರೆ ಚಿಂತೆಯಿಲ್ಲ. 12.8ಕ್ಕೂ ಕೆಳಗೆ ಇಳಿದರೆ ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಬೈಕಿನ ಸ್ಟೇಟರ್ ಕಾಯಿಲ್ ಈ ಹೊರೆಯನ್ನು ಹೊರಲಾರದು, ಲ್ಯಾಂಪನ್ನು ಬ್ಯಾಟರಿಯೇ ಸಾಕುತ್ತಿದೆ ಎಂದರ್ಥ. ಆಗ ಎಲ್‌ಇಡಿಗೆ ಬದಲಿಸುವುದೊಂದೇ ದಾರಿ.

ದೂರ ಪ್ರಯಾಣ: ಫಾಗ್ ಲ್ಯಾಂಪಿಗೆ ರಿಲೇ ಬೇಕೇ ಬೇಕೇ ಸರ್?

ಎಲೆಕ್ಟ್ರಿಷಿಯನ್: ಮೇಲಿನ ಉತ್ತರ ಓದಿ.

ಹಂಚಿಕೆದಾರ: ಫಾರ್ವರ್ಡ್ ಆಗಿ ಬಂದದ್ದನ್ನು ಎಲ್ಲರ ಅನುಕೂಲಕ್ಕಾಗಿ ಹಾಕುತ್ತಿದ್ದೇನೆ: ಬ್ಯಾಟರಿಯ ಎರಡು ತುದಿಗಳಿಗೆ ದೊಡ್ಡ ಕೆಪಾಸಿಟರ್ ಜೋಡಿಸಿದರೆ ರಿಲೇ ಬೇಕಿಲ್ಲ, ಬೆಳಕು ಇಮ್ಮಡಿಯಾಗುತ್ತದೆ, ಮೈಲೇಜೂ ಹೆಚ್ಚುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಹಾಕಬಹುದು.

ಎಲೆಕ್ಟ್ರಿಷಿಯನ್: ಕೆಪಾಸಿಟರ್ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕ್ಷಣಕಾಲ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಬೆಳ್ಳಿ ಕಾಗದದ ವಿಷಯ ತಮಾಷೆಯಲ್ಲ. ಫ್ಯೂಸ್ ಹೋಗುವುದು ಎಲ್ಲೋ ಶಾರ್ಟ್ ಇದೆ, ಇಲ್ಲವೇ ಹೊರೆ ಮೀರಿದೆ ಎಂದು ತಿಳಿಸಲಿಕ್ಕೆ. ಅದರ ಬಾಯಿ ಮುಚ್ಚಿಸಿದರೆ ಉರಿಯುವುದು ಪೆಟ್ರೋಲ್ ಟ್ಯಾಂಕಿನ ಕೆಳಗಿನ ವೈರು. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ಹಂಚಿಕೆದಾರ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ.

ಹಳೆಯ ಬೈಕು: ಹೆಡ್‌ಲೈಟಿನ ವೈರಿನಿಂದ ರಿಲೇಗೆ ಸಿಗ್ನಲ್ ಕೊಟ್ಟಿದ್ದೇನೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ರಿಲೇ ಗುರುಗುಟ್ಟುತ್ತದೆ. ರಿಲೇ ಕೆಟ್ಟಿದೆಯೇ?

ಎಲೆಕ್ಟ್ರಿಷಿಯನ್: ರಿಲೇ ಕೆಟ್ಟಿಲ್ಲ. ನಿಮ್ಮ ಬೈಕಿನ ಹೆಡ್‌ಲೈಟ್ ಸ್ಟೇಟರಿನಿಂದ ನೇರ ಬರುವ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಆ ಕರೆಂಟ್ ಏರಿಳಿಯುತ್ತಲೇ ಇರುವುದರಿಂದ ರಿಲೇ ಹಿಡಿದು ಬಿಟ್ಟು ಮಾಡುತ್ತದೆ. ಸಿಗ್ನಲನ್ನು ಹಾರ್ನ್ ಅಥವಾ ಇಂಡಿಕೇಟರಿಗೆ ಬರುವ ಡಿಸಿ ಲೈನಿನಿಂದ ತೆಗೆದುಕೊಳ್ಳಿ.

ಮೌನ ಚಾಲಕ: ವಿದ್ಯುತ್ ಬೈಕಿನಲ್ಲಿ ಫಾಗ್ ಲ್ಯಾಂಪಿಗೆ 12 ವೋಲ್ಟ್ ಎಲ್ಲಿಂದ ತೆಗೆದುಕೊಳ್ಳಬೇಕು?

ರಾತ್ರಿ ಸಂಚಾರಿ: ಸರ್, ನನ್ನ ಸಮಸ್ಯೆ ವಿಚಿತ್ರವಾಗಿದೆ. ಚಾರ್ಜರ್ ಮೊದಲಿನಿಂದಲೂ ಇಗ್ನಿಷನ್ ಲೈನಿನಲ್ಲಿ, ಅಂದರೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿನಲ್ಲಿ, ಇತ್ತು. ಇತ್ತೀಚೆಗೆ ರಿಲೇ ಹಾಕಿ ಎಲ್‌ಇಡಿ ಲ್ಯಾಂಪ್ ಜೋಡಿಸಿದ ಮೇಲೆ, ಚಾರ್ಜರೂ ಅದರಲ್ಲೇ ಓಡಲಿ ಎಂದು ಅದರ ವೈರನ್ನೂ ರಿಲೇಯ 87ಕ್ಕೆ ಸೇರಿಸಿದೆ. ಈಗ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಕಿಲ್ ಸ್ವಿಚ್ ಒತ್ತಿದರೆ ನಿಲ್ಲುತ್ತದೆ, ಆದರೆ ಮೀಟರಿನ ದೀಪ ಉರಿಯುತ್ತಲೇ ಇರುತ್ತದೆ. 10 ಆಂಪಿಯರ್ ಫ್ಯೂಸ್ ಎರಡು ಸಲ ಹೋಯಿತು. ವಿಡಿಯೋ ಒಂದರಲ್ಲಿ ಹೇಳಿದಂತೆ 30 ಹಾಕಿದೆ, ಈಗ ಹೋಗುತ್ತಿಲ್ಲ.

ಎಲೆಕ್ಟ್ರಿಷಿಯನ್: ಮೊದಲು ಆ 30 ಆಂಪಿಯರ್ ಫ್ಯೂಸನ್ನು ಕಿತ್ತು ಪಕ್ಕಕ್ಕಿಡಿ, ಉಳಿದದ್ದನ್ನು ಆಮೇಲೆ ಓದಿ.

ನಡೆಯುತ್ತಿರುವುದು ಇಷ್ಟು. ನೀವು ಚಾರ್ಜರಿನ ವೈರನ್ನು 87ಕ್ಕೆ ಸೇರಿಸಿದಿರಿ, ಆದರೆ ಅದರ ಹಳೆಯ ತುದಿಯನ್ನು ಇಗ್ನಿಷನ್ ಲೈನಿನಿಂದ ಬಿಡಿಸಲಿಲ್ಲ. ಕೀ ಹಾಕಿದಾಗ ಇಗ್ನಿಷನ್ ಲೈನಿನಿಂದ ಕಾಯಿಲಿಗೆ ಕರೆಂಟ್ ಬಂದು ರಿಲೇ ಎಳೆದುಕೊಳ್ಳುತ್ತದೆ. ಬ್ಯಾಟರಿಯ ಕರೆಂಟ್ 30ರಿಂದ 87ಕ್ಕೆ ದಾಟಿ, ಅಲ್ಲಿಂದ ಚಾರ್ಜರಿನ ಹಳೆಯ ವೈರಿನಲ್ಲಿ ಹಿಮ್ಮುಖವಾಗಿ ಹರಿದು ಇಗ್ನಿಷನ್ ಲೈನಿಗೇ ಮರಳುತ್ತದೆ. ಇನ್ನು ಕೀಗೆ ಕೆಲಸವಿಲ್ಲ. ಅದನ್ನು ತೆಗೆದರೂ ರಿಲೇ ತನ್ನ ಕಾಯಿಲಿಗೆ ತಾನೇ ಊಟ ಹಾಕಿಕೊಂಡು ಹಿಡಿದೇ ಇರುತ್ತದೆ, ಇಗ್ನಿಷನ್ ಲೈನೂ ಜೀವಂತವಾಗಿ ಉಳಿಯುತ್ತದೆ. ಹೆಚ್ಚಿನ ಬೈಕುಗಳಲ್ಲಿ ಕಿಲ್ ಸ್ವಿಚ್ ಆ ಲೈನಿನ ಮುಂದೆ, ಎಂಜಿನ್ನಿಗೆ ಹೋಗುವ ಕವಲಿನಲ್ಲಿ ಮಾತ್ರ ಇರುವುದರಿಂದ ಎಂಜಿನ್ ನಿಂತರೂ ಮೀಟರ್ ಉರಿಯುತ್ತದೆ.

ನನಗೆ ಭಯವಾಗುವುದು ಎಂಜಿನ್ ನಿಲ್ಲದಿರುವುದಕ್ಕಲ್ಲ. ಕೀ ತೆಗೆದ ಮೇಲೆ ಬೈಕಿನ ಆ ಲೈನಿನ ಹೊರೆಯೆಲ್ಲ, ಅಂದರೆ ಹೆಡ್‌ಲೈಟ್, ಹಾರ್ನ್, ಇಂಧನ ಪಂಪಿದ್ದರೆ ಅದೂ, ಚಾರ್ಜರಿಗೆಂದು ಮಾಡಿದ ದಾರದಷ್ಟು ತೆಳುವಾದ ವೈರಿನಲ್ಲಿ ಹರಿಯುತ್ತಿದೆ. 10 ಆಂಪಿಯರ್ ಫ್ಯೂಸ್ ಎರಡು ಸಲ ಹೋದದ್ದು ಇದನ್ನೇ ತಿಳಿಸಲು. 30 ಆಂಪಿಯರ್ ಫ್ಯೂಸಿನ ಹಿಂದೆ ಅಂಥ ವೈರಿದ್ದರೆ, ಫ್ಯೂಸ್ ಕರಗುವ ಮೊದಲೇ ವೈರಿನ ಕವಚ ಕರಗುತ್ತದೆ. ಮೇಲಾಗಿ ಬೈಕು ಬಿದ್ದರೆ ಕೀ ತಿರುಗಿಸಿ ವಿದ್ಯುತ್ ಕಡಿಯುವ ದಾರಿಯೂ ನಿಮಗಿಲ್ಲ.

ಪರೀಕ್ಷೆ ಹೀಗೆ ಮಾಡಿ. ರಿಲೇಯನ್ನು ಸಾಕೆಟ್ಟಿನಿಂದ ಹೊರಗೆ ತೆಗೆಯಿರಿ, 10 ಆಂಪಿಯರ್ ಫ್ಯೂಸ್ ಹಾಕಿ, ಕೀ ಆನ್ ಮಾಡಿ. ಮಲ್ಟಿಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಸಾಕೆಟ್ಟಿನ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ. 30ರಲ್ಲಿ ಬ್ಯಾಟರಿಯ ವೋಲ್ಟೇಜ್ ಇರಬೇಕು, 86ರಲ್ಲೂ ಇರಬೇಕು. 87ರಲ್ಲಿ ಏನೂ ಇರಬಾರದು. ಅಲ್ಲಿ 12 ವೋಲ್ಟ್ ಕಂಡರೆ ಕರೆಂಟ್ ಹಿತ್ತಲ ಬಾಗಿಲಿನಿಂದ ಬರುತ್ತಿದೆ ಎಂದು ಖಚಿತ. ಓದಿದ ಅಂಕಿಗಳನ್ನು ಇಲ್ಲಿ ಬರೆಯಿರಿ.

ತಾಮ್ರ ಪ್ರಿಯ: ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಅದಕ್ಕೆ ಹಾಕಿದರೆ ಮುಗಿಯಿತಲ್ಲ? ಇಷ್ಟುದ್ದ ಬರೆಯಬೇಕಿತ್ತೇ?

ಎಲೆಕ್ಟ್ರಿಷಿಯನ್: ಬೇಡದ ವೈರನ್ನು ಕತ್ತರಿಸಬೇಕಾದಲ್ಲಿ ಡಯೋಡ್ ಹಾಕುವುದು ರಿಪೇರಿಯಲ್ಲ.

ಬೆಸುಗೆಗಾರ: ಕತ್ತರಿಸಿದ ಜೋಡಣೆಗಳನ್ನೆಲ್ಲ ಚೆನ್ನಾಗಿ ಬೆಸುಗೆ ಹಾಕಿ, ಸ್ಲೀವ್ ಏರಿಸಬೇಕು. ಲೋಹದ ಕೊಳವೆಯೊಳಗೆ ವೈರನ್ನು ಒತ್ತಿ ಹಿಡಿಸುವ ಕ್ರಿಂಪ್ ಎನ್ನುವುದು ಕೆಲಸ ಬಾರದವರ ಅನುಕೂಲ.

ತಾಮ್ರ ಪ್ರಿಯ: ಬೆಸುಗೆಯ ತವರ ವೈರಿನ ಎಳೆಗಳೊಳಗೆ ಏರಿ ಅಲ್ಲಿ ಗಟ್ಟಿಯಾಗುತ್ತದೆ. ಬೈಕಿನ ಅದುರುವಿಕೆಗೆ ಸರಿಯಾಗಿ ಅದೇ ಜಾಗದಲ್ಲಿ ವೈರು ಮುರಿಯುತ್ತದೆ. ಕಾರ್ಖಾನೆಯಿಂದ ಬರುವ ಹಾರ್ನೆಸ್ಸಿನಲ್ಲಿ, ಅಂದರೆ ವೈರುಗಳ ಕಟ್ಟಿನಲ್ಲಿ, ಕ್ರಿಂಪ್ ಏಕಿದೆ ಎಂದು ಯೋಚಿಸಿದ್ದೀರಾ?

ಬೆಸುಗೆಗಾರ: ಕಾರ್ಖಾನೆಯವರ ಕ್ರಿಂಪ್ ಯಂತ್ರ ನಿಮ್ಮ ಬಳಿ ಇದೆಯೇ? ಇಕ್ಕಳದಿಂದ ಜಜ್ಜಿದ್ದನ್ನು ಕ್ರಿಂಪ್ ಎನ್ನುವುದಿಲ್ಲ.

ತಾಮ್ರ ಪ್ರಿಯ: ನಾನು ಇಕ್ಕಳ ಎಂದೆನೇ? ಓದಲು ಬರದಿದ್ದರೆ ವಾದಕ್ಕೆ ಇಳಿಯಬೇಡಿ.

ಮಂಜಿನ ದಾರಿ: ವೈರಿನ ಮೇಲೆ ಒತ್ತಿದರೆ ಒಳಗಿನ ಬ್ಲೇಡ್ ಕವಚ ಕೊರೆಯುವ ಪ್ಲಾಸ್ಟಿಕ್ ಕ್ಲಿಪ್ ಇದೆಯಲ್ಲ, ಅದಾದರೆ ಈ ಜಗಳವೇ ಬೇಡ.

ಎಲೆಕ್ಟ್ರಿಷಿಯನ್: ಆ ಕ್ಲಿಪ್ ಬೇಡವೇ ಬೇಡ. ಬ್ಲೇಡ್ ಕೆಲವು ಎಳೆಗಳನ್ನು ಕಡಿಯುತ್ತದೆ, ಮಳೆಯ ನೀರು ಒಳಗೆ ಸೇರಿ ತಾಮ್ರ ಹಸಿರಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. 8 ಆಂಪಿಯರ್ ಹರಿಯುವ ಜೋಡಣೆಯಲ್ಲಿ 0.2 ಓಮ್ ಹುಟ್ಟಿಕೊಂಡರೂ ಅಲ್ಲೇ ಸುಮಾರು 13 ವಾಟ್ ಶಾಖವಾಗುತ್ತದೆ. ಕರೆಂಟ್ ಹೆಚ್ಚಾಗದ ಕಾರಣ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಕ್ರಿಂಪ್ ಇರಲಿ, ಬೆಸುಗೆ ಇರಲಿ, ಜೋಡಣೆಯ ಎರಡೂ ಬದಿಯಲ್ಲಿ ವೈರು ಅಲುಗದಂತೆ ಕಟ್ಟಿದ್ದರೆ ಎರಡೂ ನಡೆಯುತ್ತವೆ. ವಾದ ಸಾಕು.

ಬೆಸುಗೆಗಾರ: ಎರಡೂ ನಡೆಯುತ್ತವೆ ಎನ್ನುವುದು ಉತ್ತರವಲ್ಲ, ಜಾರಿಕೊಳ್ಳುವುದು.

ದೂರ ಪ್ರಯಾಣ: ಎಲ್‌ಇಡಿ ಲ್ಯಾಂಪಿಗೂ ರಿಲೇ ಬೇಕೇ?

ಎಲೆಕ್ಟ್ರಿಷಿಯನ್: ಬೇಕು. ಇದು ಕೊನೆಯ ಸಲ.

ಹಂಚಿಕೆದಾರ: ವಾರಂಟಿಗೆ ತೊಂದರೆಯಾಗುವುದೇ ಸರ್?

ರಾತ್ರಿ ಸಂಚಾರಿ: ನೋಡಿದೆ ಸರ್. 30ರಲ್ಲಿ 12.5, 86ರಲ್ಲಿ 12.3, 87ರಲ್ಲಿ 12.3. ಟ್ಯಾಂಕ್ ಎತ್ತಿ ನೋಡಿದಾಗ ಚಾರ್ಜರಿನ ಹಳೆಯ ವೈರಿನ ಕವಚ ಒಂದು ಕಡೆ ಕಂದಾಗಿ ಮೆತ್ತಗಾಗಿತ್ತು. ಇಗ್ನಿಷನ್ ಲೈನಿನ ಕಡೆಯ ತುದಿಯನ್ನು ಕತ್ತರಿಸಿದ ಮೇಲೆ 87ರಲ್ಲಿ ಸೊನ್ನೆ ಬಂತು, ಈಗ ಕೀ ತೆಗೆದರೆ ಎಂಜಿನ್ ನಿಲ್ಲುತ್ತದೆ.

ಎಲೆಕ್ಟ್ರಿಷಿಯನ್: ಕಂದಾದ ವೈರನ್ನು ಪೂರ್ತಿ ಎಸೆಯಿರಿ, ಟೇಪ್ ಸುತ್ತಿ ಉಳಿಸಬೇಡಿ. ಚಾರ್ಜರಿಗೆ 87ರಿಂದ ಹೊಸ ವೈರು ಮತ್ತು ಪ್ರತ್ಯೇಕ 3 ಆಂಪಿಯರ್ ಫ್ಯೂಸ್ ಕೊಡಿ. ಆ ವೈರಿಗೆ ತಾಗಿಕೊಂಡಿದ್ದ ಬೈಕಿನ ಮೂಲ ವೈರುಗಳ ಕವಚವೂ ಮೆತ್ತಗಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಕೊನೆಯಲ್ಲಿ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರನ್ನು ಬಿಡಿಸಿ, ಆ ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಸೇರಿಸಿ ಓದಿ. ಕೆಲವೇ ಮಿಲಿಆಂಪಿಯರ್ ಬಂದರೆ ಸರಿ. ನೂರರ ಮೇಲೆ ಬಂದರೆ ರಿಲೇ ಇನ್ನೂ ಎಲ್ಲಿಂದಲೋ ಹಿಡಿದುಕೊಂಡಿದೆ. ಮೀಟರ್ ನಡುವೆ ಇರುವಾಗ ಮರೆತು ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.