ಬಲೆ ಸಾಲಿನ ಮುಂದೆ ‘ರೂಮ್ ಟು ಟ್ಯಾಕ್’ ಕೂಗಿದರೂ ಪಕ್ಕದವರು ಕದಲಲಿಲ್ಲ. ಅನುಭವ ಇದ್ದವರು ಹೇಳಿ

ಹಿನ್ನೀರ ಹಾಯಿ:
ಕೆಆರ್‌ಎಸ್ ಹಿನ್ನೀರಿನಲ್ಲಿ ಐಎಲ್‌ಸಿಎ 6 (ಒಬ್ಬರೇ ಓಡಿಸುವ ಹಾಯಿದೋಣಿ) ಓಡಿಸುತ್ತೇನೆ. ಹೋದ ಭಾನುವಾರದ ರೇಸಿನಲ್ಲಿ ನಾನೂ ಇನ್ನೊಬ್ಬರೂ ಪೋರ್ಟ್ ಟ್ಯಾಕಿನಲ್ಲಿ (ಗಾಳಿ ಎಡಬದಿಗೆ) ಅಪ್‌ವಿಂಡ್, ಅಂದರೆ ಗಾಳಿ ಬರುವ ಕಡೆಗೆ, ಹೋಗುತ್ತಿದ್ದೆವು. ನಾನು ಲೀವರ್ಡ್ (ಗಾಳಿ ಹೋಗುವ ಕಡೆ, ಅಂದರೆ ಕೆಳಗೆ), ಅವರು ವಿಂಡ್‌ವರ್ಡ್ (ಗಾಳಿ ಬರುವ ಕಡೆ, ಅಂದರೆ ಮೇಲೆ), ಅರ್ಧ ದೋಣಿಯಷ್ಟು ಹಿಂದೆ. ಮುಂದೆ ಮೀನುಗಾರರ ಬಲೆ. ಥರ್ಮೋಕೋಲ್ ತುಂಡುಗಳು ಉದ್ದಕ್ಕೂ ಸಾಲಾಗಿ ತೇಲುತ್ತಿದ್ದವು. ‘ರೂಮ್ ಟು ಟ್ಯಾಕ್’, ಅಂದರೆ ಗಾಳಿಯ ಇನ್ನೊಂದು ಬದಿಗೆ ತಿರುಗಲು ಜಾಗ ಬಿಡಿ ಅಂತ ಕೂಗಿದೆ. ‘ಅದು ಅಬ್‌ಸ್ಟ್ರಕ್ಷನ್ ಅಲ್ಲ, ಹೋಗ್ರೀ’ ಅಂದರು, ಅಂದರೆ ರೂಲ್ ಪ್ರಕಾರ ಅದು ಅಡ್ಡಿಯಲ್ಲ ಅಂತ. ತಳದಿಂದ ಇಳಿಬಿಟ್ಟ ಡ್ಯಾಗರ್‌ಬೋರ್ಡ್ ಹಲಗೆಗೆ ಬಲೆ ಸಿಕ್ಕಿ ದೋಣಿ ಮಗುಚಿತು. ಬಲೆಯವರಿಂದ ಬೈಗುಳ ಬೇರೆ. ಇಂಥಲ್ಲಿ ಏನು ಮಾಡುತ್ತೀರಿ? ಪ್ರೊಟೆಸ್ಟ್ (ರೂಲ್ ಮುರಿದರು ಅಂತ ದೂರು) ಹಾಕಿದರೆ ನಿಲ್ಲುತ್ತಾ? ಮುಂದಿನ ತಿಂಗಳು ರೆಗಟ್ಟಾ ಇದೆ.

ಬೇ ಏರಿಯಾ ಮದ್ದೂರು:
ಬಲೆ ಬಿಡಿ, ಒಂದ್ಸಲ ಸ್ಯಾನ್ ಫ್ರಾನ್ಸಿಸ್ಕೋ ಸಿಟಿಫ್ರಂಟಿಗೆ (ಊರಿನ ದಂಡೆಗುಂಟದ ನೀರು) ಬನ್ನಿ. ಬೇಸಿಗೆ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ 20 ನಾಟ್ ಮೇಲೆ ಗಾಳಿ. ಉಬ್ಬರದ ನೀರು ಒಳಗೆ ನುಗ್ಗುವಾಗ ನಡುವೆ ಹೋದರೆ ನಿಂತಲ್ಲೇ ನಿಲ್ಲುತ್ತೀರಿ. ಅದಕ್ಕೇ ಇಡೀ ಫ್ಲೀಟ್ ಕ್ರಿಸ್ಸಿ ಫೀಲ್ಡ್ ದಂಡೆಗೆ ಅಂಟಿಕೊಂಡು ಟ್ಯಾಕ್ ಮೇಲೆ ಟ್ಯಾಕ್ ಹೊಡೆಯುತ್ತದೆ. ಸ್ಟಾರ್‌ಬೋರ್ಡಿನಲ್ಲಿ (ಗಾಳಿ ಬಲಬದಿಗೆ) ದಂಡೆಗೆ, ಪೋರ್ಟಿನಲ್ಲಿ ಹೊರಗೆ.

ನಮ್ಮದು ಜೆ/24, ಐದು ಜನ ಓಡಿಸುವ ಹಾಯಿದೋಣಿ. ದೋಣಿ ತಳದ ಕೀಲ್ ನೀರಿನೊಳಗೆ 1.22 ಮೀಟರ್. ಬಂಡೆ ಕಣ್ಣಿಗೆ ಕಾಣುತ್ತಿತ್ತು, ಡೆಪ್ತ್ ಮೀಟರ್ ಕೂಗುತ್ತಿತ್ತು. ಕೂಗಿದೆ, ಉತ್ತರ ಇಲ್ಲ. ಅಂಥ ಗಾಳಿಯಲ್ಲಿ ಕೂಗಿದರೆ ಸಾಲದು, ಸನ್ನೆಯೂ ಬೇಕು, ಟ್ಯಾಕ್ ಮಾಡಲು ಜಾಗ ಕೇಳುವ ರೂಲ್ 20ರಲ್ಲೇ ಇದೆ. ಕೈಯನ್ನೂ ಬೀಸಿದೆ. ಮೇಲಿನವ ತನ್ನ ಜಿಬ್ (ಮುಂದಿನ ಹಾಯಿ) ನೋಡಿಕೊಂಡು ಕೂತಿದ್ದ. ಕೊನೆಗೆ ಟ್ಯಾಕ್ ಮಾಡಿದೆ, ಅವನ ಮೂತಿ ನಮ್ಮ ಬದಿಗೆ ಬಡಿಯಿತು. ಪ್ರೊಟೆಸ್ಟಿನ ಕೆಂಪು ಬಾವುಟ ಎತ್ತಿದೆವು, ಪ್ರೊಟೆಸ್ಟ್ ಗೆದ್ದೆವು, ಅವನು ಡಿಎಸ್‌ಕ್ಯೂ (ಆ ರೇಸಿಗೆ ಅನರ್ಹ).

ಗೆದ್ದು ಏನು ಬಂತು ಕೇಳಿ. ಫೈಬರ್ ಮತ್ತು ಜೆಲ್‌ಕೋಟ್ (ದೋಣಿಯ ಹೊರಪದರ) ರಿಪೇರಿಗೆ 2,350 ಡಾಲರ್. ಸ್ಟ್ಯಾಂಚನ್ (ಅಂಚಿನ ತಡೆಗಂಬಿ) ಬದಲಿಸಲು 410. ದೋಣಿ ಮೇಲೆತ್ತಿ ಇಳಿಸಲು 380, ಯಾರ್ಡಿನಲ್ಲಿ ಇಟ್ಟಿದ್ದಕ್ಕೆ ದಿನಕ್ಕೆ ಬೇರೆ ಬಾಡಿಗೆ. ಅವನ ಇನ್ಶೂರೆನ್ಸ್‌ನವರು ನಾಲ್ಕು ತಿಂಗಳು ಸತಾಯಿಸಿ, ಜೆಲ್‌ಕೋಟ್ ಹಳೆಯದು ಅಂತ ಅರ್ಧಕ್ಕೆ ಕತ್ತರಿ ಹಾಕಿದರು. ಆದರೂ ಹೇಳುತ್ತೇನೆ, ಕೂಗಿದ್ದು ಸರಿ.

ಗಾಳಿಕಡೆಯವ:
ಎಲ್ಲರೂ ಕೂಗಿದವರ ಕತೆಯನ್ನೇ ಹೇಳುತ್ತೀರಿ. ಕೂಗಿಸಿಕೊಂಡವನ ಪಾಡು ಕೇಳಿ. ಹೈದರಾಬಾದಿನ ಹುಸೇನ್ ಸಾಗರ. ಅಲ್ಲಿ ಬುದ್ಧನ ಬಂಡೆ ಇದೆ, ಪ್ರವಾಸಿ ಲಾಂಚ್‌ಗಳಿವೆ, ಅಂತರಗಂಗೆ ಇದೆ. ಅವು ಯಾವುವೂ ನನಗೆ ತೊಂದರೆ ಕೊಡಲಿಲ್ಲ. ಕೊಟ್ಟಿದ್ದು ಸ್ಟಾರ್‌ಬೋರ್ಡಿನಲ್ಲಿ ಬರುತ್ತಿದ್ದ ಇನ್ನೊಂದು ರೇಸಿಂಗ್ ದೋಣಿ.

ನಾವಿಬ್ಬರು ಪೋರ್ಟ್, ಅದಕ್ಕೆ ದಾರಿ ಬಿಡಬೇಕಾದವರು. ಕೆಳಗಿನವ ‘ರೂಮ್ ಟು ಟ್ಯಾಕ್’ ಅಂದ. ನಾನು ‘ಯು ಟ್ಯಾಕ್’ (ನೀನು ತಿರುಗು) ಅಂದೆ. ಹಾಗಂದ ಮೇಲೆ ಅವನಿಗೆ ಜಾಗ ಕೊಡುವುದು ನನ್ನ ತಲೆ ಮೇಲೆ, ಅದು ಗೊತ್ತು. ಕೆಳಕ್ಕೆ ತಿರುಗಿಸಿದೆ, ಅವನ ಬೂಮ್ (ಹಾಯಿಯ ಅಡ್ಡಕೋಲು) ನನ್ನ ಮಾಸ್ಟಿಗೆ (ಹಾಯಿಗಂಬಕ್ಕೆ) ತಗುಲಿತು. ಡಿಎಸ್‌ಕ್ಯೂ. 41 ದೋಣಿ, ಒಂದು ಕೂಡಿಸಿ ನನಗೆ 42 ಪಾಯಿಂಟ್, ಪಾಯಿಂಟ್ ಹೆಚ್ಚಾದಷ್ಟೂ ಹಿಂದೆ. ಐದನೇ ಸ್ಥಾನದಿಂದ ಹದಿನೆಂಟಕ್ಕೆ. ಮಾಸ್ಟಿನ ಮೇಲಿನ ತುಂಡು ಬಗ್ಗಿತ್ತು, ಹೊಸದಕ್ಕೆ 46,000 ರೂಪಾಯಿ. ಮುಂಬೈಯಿಂದ ಲಾರಿ ಬಾಡಿಗೆ 3,200. ಬಂದಿದ್ದರಲ್ಲಿ ರಿವೆಟ್ ಸಡಿಲ, ವಾಪಸ್ ಕಳಿಸಲು ಮತ್ತೆ ಅಷ್ಟೇ.

ಅವನು ಚೂರು ಟಿಲ್ಲರ್ (ಚುಕ್ಕಾಣಿಯ ಹಿಡಿ) ಎಳೆದಿದ್ದರೆ ಆ ದೋಣಿಯ ಹಿಂದಿನಿಂದ ಹಾಯಾಗಿ ದಾಟಬಹುದಿತ್ತು. ನನ್ನನ್ನು ಎಡಗಡೆ ಅಟ್ಟಲು ಕೂಗಿದ್ದು ಅಷ್ಟೇ. ದಿಕ್ಕು ಗಣನೀಯವಾಗಿ ಬದಲಿಸಬೇಕಾದಾಗ ಮಾತ್ರ ಕೂಗಬೇಕು ಅಂತ 20.1 ಹೇಳುತ್ತದೆ, ಅಲ್ವಾ? ‘ಪ್ರೊಟೆಸ್ಟ್’ ಅಂತ ನಾನೂ ಕೂಗಿದ್ದೆ. ಯಾರಿಗೂ ಕೇಳಿಸಲಿಲ್ಲವಂತೆ. ಅವನ ಕೂಗು ಮಾತ್ರ ಎಲ್ಲರಿಗೂ ಕೇಳಿಸಿತ್ತು!

ಬೇ ಏರಿಯಾ ಮದ್ದೂರು:
ಗಾಳಿಕಡೆಯವರೇ, ಲೀವರ್ಡ್ ದೋಣಿಗೆ ರೈಟ್ ಆಫ್ ವೇ ಇದೆ. ಯಾವ ಕಡೆಯಿಂದ ದಾಟುವುದು ಅನ್ನುವುದು ಅವನ ಆಯ್ಕೆ, ರೂಲ್ 19.2 ಓದಿ. ಅವನು ಹಿಂದಿನಿಂದ ದಾಟಿದ್ದರೆ ನಿಮಗೂ ಒಳಗೆ ಜಾಗ ಕೊಡಬೇಕಿತ್ತು. ಟ್ಯಾಕ್ ಮಾಡುತ್ತೇನೆ ಅಂದರೆ ನೀವು ಜಾಗ ಬಿಡಬೇಕು. ಕೂಗಿದ್ದೇ ತಪ್ಪು ಅನ್ನಿಸಿದರೂ ಮೊದಲು ಸ್ಪಂದಿಸಬೇಕು, ಆಮೇಲೆ ಪ್ರೊಟೆಸ್ಟ್. ಸುಮ್ನೆ ಕೊರಗಬೇಡಿ.

ಗಾಳಿಕಡೆಯವ:
ನಾನು ಸ್ಪಂದಿಸಲಿಲ್ಲ ಅಂತ ಎಲ್ಲಿ ಹೇಳಿದೆ? ಓದಿ ಬರೆಯಿರಿ ಸ್ವಾಮಿ. ಐದು ಜನ ಕ್ರೂ ಇಟ್ಟುಕೊಂಡು ಓಡಿಸುವವರಿಗೆ ಒಬ್ಬನೇ ಶೀಟು (ಹಾಯಿ ಹಗ್ಗ) ಟಿಲ್ಲರು ಎರಡೂ ಹಿಡಿದು ಕೂಗುವ ಕಷ್ಟ ಗೊತ್ತಾಗಲ್ಲ.

ಆಪ್ಟಿ ಅಮ್ಮ:
ನನ್ನ ಮಗಳು ಆಪ್ಟಿಮಿಸ್ಟ್ (ಮಕ್ಕಳ ಪುಟ್ಟ ಹಾಯಿದೋಣಿ) ಓಡಿಸುತ್ತಾಳೆ, ಹನ್ನೊಂದು ವರ್ಷ. ಒಂದು ದೋಣಿಯುದ್ದ ದೂರದಿಂದ ನೇರ ಹೋಗುತ್ತಿದ್ದರೆ ಚೆನ್ನಾಗಿಯೇ ತಿರುಗಿಸಬೇಕಾಗುತ್ತದೆ ಅನ್ನುವಂಥದ್ದು ಅಬ್‌ಸ್ಟ್ರಕ್ಷನ್. ಆಪ್ಟಿಯ ಉದ್ದ 2.3 ಮೀಟರ್, ಅದಕ್ಕೆ ಒಂದು ಹರಿಗೋಲೂ ಅಬ್‌ಸ್ಟ್ರಕ್ಷನ್ನೇ. ಅವಳು ಹರಿಗೋಲಿನ ಮುಂದೆ ‘ಟ್ಯಾಕ್‌ಗೆ ಜಾಗ ಬಿಡೋ’ ಅಂತ ಕನ್ನಡದಲ್ಲೇ ಕೂಗಿದಳು. ಪಕ್ಕದ ಹುಡುಗ ಮೈಸೂರಿನವನೇ. ಅವನು ತಿರುಗಿಸಲಿಲ್ಲ, ಇವಳ ದೋಣಿ ಹರಿಗೋಲಿಗೆ ಗುದ್ದಿತು. ಒಳಗಿದ್ದ ಅಜ್ಜ ಹೆದರಿ ಹುಟ್ಟು ಬಿಟ್ಟರು.

ಪ್ರೊಟೆಸ್ಟ್ ಹಿಯರಿಂಗ್‌ನಲ್ಲಿ ಹುಡುಗನ ಕೋಚ್ ಎದ್ದು, ಇಂಗ್ಲಿಷಿನಲ್ಲಿ ಕೂಗಿಲ್ಲ, ಹಾಗಾಗಿ ಅದು ಕೂಗೇ ಅಲ್ಲ ಅಂದರು. ರೂಲ್ ಬುಕ್ಕಿನ ಪೀಠಿಕೆ ತೆಗೆದು ಮುಂದಿಟ್ಟಳು ನನ್ನ ಮಗಳು. ಸಂಬಂಧಪಟ್ಟ ದೋಣಿಗಳಿಗೆ ಅರ್ಥವಾಗುತ್ತದೆ ಅನ್ನುವುದು ಸಮಂಜಸವಾಗಿದ್ದರೆ ಬೇರೆ ಭಾಷೆಯೂ ನಡೆಯುತ್ತದೆ, ಇಂಗ್ಲಿಷ್ ಯಾವಾಗಲೂ ನಡೆಯುತ್ತದೆ. ಗೆದ್ದಳು. ಡ್ಯಾಗರ್‌ಬೋರ್ಡ್ ತುದಿ ಮುರಿದಿತ್ತು, 11,500. ಆ ಅಜ್ಜನಿಗೆ ಹೊಸ ಹುಟ್ಟು ಕೊಡಿಸಿದೆವು, 600. ಹುಡುಗನ ಮನೆಯವರು ಈಗಲೂ ನಮ್ಮ ಜೊತೆ ಮಾತಾಡಲ್ಲ.

ಗಾಳಿಕಡೆಯವ:
ಮೇಡಂ, ಇದು ಅಪಾಯ. ರೆಗಟ್ಟಾಗೆ ಗೋವಾದವರು, ಮುಂಬೈಯವರು, ಮಣಿಪುರದವರು ಬರುತ್ತಾರೆ. ಮಕ್ಕಳಿಗೆ ಕನ್ನಡದಲ್ಲಿ ಕೂಗೋ ಅಭ್ಯಾಸ ಮಾಡಿಸಬೇಡಿ.

ಆಪ್ಟಿ ಅಮ್ಮ:
ಗೋವಾದವರಿಗಲ್ಲ ಅವಳು ಕೂಗಿದ್ದು. ಸಂಬಂಧಪಟ್ಟ ದೋಣಿ ಒಂದೇ, ಅದರಲ್ಲಿದ್ದವನು ಅವಳ ಕ್ಲಾಸ್‌ಮೇಟ್. ನಿಮ್ಮ ಇಂಗ್ಲಿಷ್ ಪ್ರೊಟೆಸ್ಟ್ ಯಾರಿಗೆ ಕೇಳಿಸಿತು ಹೇಳಿ?

ಸೋಲೆಂಟ್ ಕುಂದಾಪ್ರ:
ಮಾರಾಯ್ರೆ, ಬಲೆ ಹರಿಗೋಲಿಗೆಲ್ಲ ಇಷ್ಟು ಜಗಳವಾ? ಇಂಗ್ಲೆಂಡಿನ ಸೋಲೆಂಟ್ ಜಲಸಂಧಿಯಲ್ಲಿ ಅಬ್‌ಸ್ಟ್ರಕ್ಷನ್ ಅಂದರೆ ಕಂಟೇನರ್ ಹಡಗು. 150 ಮೀಟರಿಗಿಂತ ಉದ್ದದ ಹಡಗಿನ ಮುಂದೆ 1000 ಮೀಟರ್, ಎರಡೂ ಬದಿಗೆ 100 ಮೀಟರ್, ಒಳಗೆ ಕಾಲಿಡುವ ಹಾಗಿಲ್ಲ. 2011ರ ಕೌಸ್ ವೀಕ್ ರೆಗಟ್ಟಾದಲ್ಲಿ ಒಂದು ಯಾಟ್ ಟ್ಯಾಂಕರಿಗೇ ಹೋಗಿ ಗುದ್ದಿತ್ತು, ಕೋರ್ಟಿನವರೆಗೂ ಹೋಯಿತು.

ನನ್ನ ಕತೆ ಇಷ್ಟು. ಹಡಗು ವೆಸ್ಟ್ ಬ್ರ್ಯಾಂಬಲ್ ಬೋಯ್ (ತೇಲುವ ಗುರುತು) ಬಳಿ ತಿರುಗುತ್ತಿತ್ತು. ನಾವು ಸ್ಪಿನೇಕರ್ (ಹಿಂಗಾಳಿಗೆ ಹಾಕುವ ದೊಡ್ಡ ಹಾಯಿ) ಹಾಕಿ ಮೂರನೇ ಸ್ಥಾನದಲ್ಲಿದ್ದೆವು. ನಾನು ಜೈಬ್ ಮಾಡಿ (ಹಿಂಗಾಳಿಯಲ್ಲಿ ಹಾಯಿ ಬದಿ ಬದಲಿಸಿ ತಿರುಗಿ) ದೂರ ಹೋದೆ. ಪಕ್ಕದವ ಹಡಗಿನ ಮೂಗಿನ ಮುಂದೆಯೇ ನುಗ್ಗಿ ದಾಟಿದ. ನನ್ನ ಅವಸರದ ಜೈಬಿನಲ್ಲಿ ಸ್ಪಿನೇಕರ್ ಫೋರ್‌ಸ್ಟೇಗೆ (ಮಾಸ್ಟ್ ಹಿಡಿಯುವ ಮುಂದಿನ ತಂತಿಗೆ) ಸುತ್ತಿ ಹರಿಯಿತು. ಹೊಲಿಗೆ ಹಾಕುವವ 640 ಪೌಂಡ್ ಕೇಳಿದ, ಹೊಲಿದರೂ ನಿಲ್ಲಲ್ಲ ಅಂತ ಅವನೇ ಹೇಳಿದ. ಹೊಸದಕ್ಕೆ 2,900. ನಾವು ಹನ್ನೆರಡನೆಯವರು. ಆ ನುಗ್ಗಿದವನಿಗೆ ಏನಾಯಿತು? ಏನೂ ಇಲ್ಲ. ರೇಸ್ ಕಮಿಟಿ ನೋಡಿಲ್ಲವಂತೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೇ ಏರಿಯಾ ಮದ್ದೂರು:
ನೀವು ಪ್ರೊಟೆಸ್ಟ್ ಹಾಕಬೇಕಿತ್ತು. ಘಟನೆ ನೋಡಿದ ದೋಣಿಯೂ ಹಾಕಬಹುದು.

ಸೋಲೆಂಟ್ ಕುಂದಾಪ್ರ:
ಫೋರ್‌ಸ್ಟೇಗೆ ಸುತ್ತಿದ ಸ್ಪಿನೇಕರ್ ಬಿಡಿಸುವಾಗ ಕೆಂಪು ಬಾವುಟ ಹುಡುಕುವವರು ನೀವೇ ಇರಬೇಕು. ನಿಮ್ಮ ಜೆ/24ರಲ್ಲಿ ಬಾವುಟ ಹಿಡಿಯಲಿಕ್ಕೇ ಒಬ್ಬ ಇದ್ದಾನೆ ಅಂತ ಕಾಣುತ್ತೆ.

ಹಿನ್ನೀರ ಹಾಯಿ:
ಸರ್, ಬಲೆ ಸಾಲು ಅಬ್‌ಸ್ಟ್ರಕ್ಷನ್ ಹೌದೋ ಅಲ್ವೋ?

ಆಪ್ಟಿ ಅಮ್ಮ:
ಒಂದೇ ಬದಿಯಿಂದ ಸುರಕ್ಷಿತವಾಗಿ ದಾಟಬಹುದಾದ ವಸ್ತುವೂ ಅಬ್‌ಸ್ಟ್ರಕ್ಷನ್ನೇ ಕಣಪ್ಪ. ಬಲೆ ಮೇಲೆ ಹಾಯಲು ಆಗದಿದ್ದರೆ ಸಾಕು. ಆದರೂ ಸ್ಕಿಪರ್ಸ್ ಬ್ರೀಫಿಂಗ್‌ನಲ್ಲಿ ಕೇಳು, ಸೇಲಿಂಗ್ ಇನ್‌ಸ್ಟ್ರಕ್ಷನ್ಸ್‌ನಲ್ಲಿ (ರೇಸಿನ ಲಿಖಿತ ಸೂಚನೆ) ಆ ಸಾಲನ್ನು ಅಬ್‌ಸ್ಟ್ರಕ್ಷನ್ ಅಂತ ಬರೆಸಿಬಿಡಿ ಅಂತ ಹೇಳು. ಆಗ ‘ಹೋಗ್ರೀ’ ಅನ್ನುವವರ ಬಾಯಿ ಮುಚ್ಚುತ್ತೆ.

ಗಾಳಿಕಡೆಯವ:
ಬರೆಸಿದರೆ ಮೊದಲು ಕೂಗೋರು ಲೀವರ್ಡ್‌ನವರೇ, ನಿಜ ಬಲೆ ಅರ್ಧ ಫರ್ಲಾಂಗ್ ದೂರ ಇರುವಾಗಲೇ. ನೋಡುತ್ತಿರಿ.

ಬೇ ಏರಿಯಾ ಮದ್ದೂರು:
ಅಷ್ಟು ದೂರದಿಂದ ಕೂಗಿದರೆ 20.1 ಮುರಿದ ಹಾಗೆ, ಅವರ ಮೇಲೆ ಪ್ರೊಟೆಸ್ಟ್ ಹಾಕಿ. ಈ ಸಲ ಕೇಳಿಸುವ ಹಾಗೆ ಕೂಗಿ.

ಗಾಳಿಕಡೆಯವ:
ನಿಮ್ಮ ಜೊತೆ ಮಾತು ಮುಗಿಯಿತು. ಮೇಡಂ, ಆ ಡ್ಯಾಗರ್‌ಬೋರ್ಡ್ 11,500ಕ್ಕೆ ಎಲ್ಲಿ ಸಿಕ್ಕಿತು? ನನ್ನ ತಮ್ಮನ ಮಗನಿಗೆ ಬೇಕಿತ್ತು.